ಅವ್ವನ ಕೈ ಮೇಲೆ ಹೊರಿಸಿದ ಜ್ವರ

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಆರಾಮ ಇದ್ದೇನೆ. ರೊಟ್ಟಿ ತಿನ್ನುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಸಿಕ್ಕವರ ಜೊತೆ ವಾದಕ್ಕೂ ಇಳಿಯುತ್ತೇನೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಒಂದು ಕೈಗೆ ಸಲೈನ್ ಹಚ್ಚಿಸಿಕೊಂಡು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು, ಟೈಫಾಯ್ಡ್ ಆದವರು ಎಷ್ಟು ದಿನಕ್ಕೆ ಎದ್ದು ಓಡಾಡುತ್ತಾರೆ ಅಂತ ಹುಡುಕುತ್ತಿದ್ದರೆ ಈ ಸಾಲು ಅವರಿಗೆ. ನಾನೂ ಹಾಗೆ ಮಲಗಿ ಹುಡುಕಿದವಳೇ. ಎದ್ದೆ. ನಿಧಾನವಾಗಿ ಎದ್ದೆ, ಆದರೆ ಎದ್ದೆ.

ಇನ್ನೊಂದು ಮಾತೂ ಇದೆ. ಅದು ಇಷ್ಟು ಸಲೀಸಾಗಿ ಬರುವುದಿಲ್ಲ. ಈ ಬೇನೆಯಲ್ಲಿ ನಾನು ನಮ್ಮವ್ವನಿಗೆ ಒಂದು ಅನ್ಯಾಯ ಮಾಡಿದೆ. ಜ್ವರ ನೆತ್ತಿಗೇರಿದಾಗ ಮಾಡಿದ್ದಲ್ಲ. ಜ್ವರ ಇಳಿದು ಬುದ್ಧಿ ತಿಳಿಯಾದ ಮೇಲೆ, ದಿಂಬಿಗೆ ಒರಗಿ ಕೂತು, ಭಾಳ ಚಂದದ ಮಾತಿನಲ್ಲಿ ಮಾಡಿದ್ದು.

ನಮ್ಮದು ಹುನಗುಂದ. ಅಪ್ಪ ಬಸ್ ಕಂಡಕ್ಟರ್, ಹೆಚ್ಚಾಗಿ ಬಾದಾಮಿ, ಪಟ್ಟದಕಲ್ಲು ಕಡೆಯ ಗಾಡಿ. ಅವ್ವ ಊರಿನ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ, ನಾನು ಆರನೇ ತರಗತಿಯಲ್ಲಿದ್ದಾಗಿನಿಂದ. ಅವಳಿಗೆ ಮಕ್ಕಳ ಹೆಸರಿಗಿಂತ ಅವರ ಹೊಟ್ಟೆ ಚೆನ್ನಾಗಿ ಗೊತ್ತು. ಯಾರು ಸಾರು ಹೆಚ್ಚು ಕೇಳಿ ಅನ್ನ ಬಿಡುತ್ತಾರೆ, ಯಾರು ಎರಡನೇ ಸಲ ಕೇಳಲು ನಾಚುತ್ತಾರೆ, ಯಾರು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಾರೆ, ಎಲ್ಲಾ ಸೌಟು ಹಿಡಿದೇ ಹೇಳುತ್ತಾಳೆ. ಬಡಿಸುವ ಮುನ್ನ ಅಡುಗೆಯವರು ಉಂಡು ನೋಡಬೇಕು, ಆಮೇಲೆ ಒಬ್ಬ ಮಾಸ್ತರು ಉಂಡು ನೋಡಬೇಕು ಅಂತ ಅಲ್ಲಿ ಒಂದು ಪದ್ಧತಿ. ಮಾಸ್ತರು ಒಂದು ಚಮಚ ಬಾಯಿಗೆ ಹಾಕಿ ಪುಸ್ತಕದಲ್ಲಿ ಸಹಿ ಮಾಡುತ್ತಾರೆ. ಅವ್ವ ಒಂದು ತಾಟು ಪೂರ್ತಿ ಹಾಕಿಕೊಂಡು ಉಣ್ಣುತ್ತಾಳೆ. 'ಒಂದು ಚಮಚಾದಾಗ ಏನ್ ಗೊತ್ತಾಕ್ಕೈತಿ? ಹುಡುಗ್ರು ಒಂದು ಚಮಚ ಉಣ್ತಾವೇನು?' ಅನ್ನುತ್ತಾಳೆ.

ನಾನು ಅವಳ ಒಬ್ಬಳೇ ಮಗಳು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತೇನೆ. ಓದಿದ್ದಕ್ಕಿಂತ ಹೆಚ್ಚು ಚರ್ಚಾಸ್ಪರ್ಧೆಗೆ ಓಡಾಡಿದ್ದೇನೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ನಮಗೆ ಕಲಿಸಿದ ಸರ್ ಒಂದು ಮಾತು ತಲೆಗೆ ತುಂಬಿದ್ದರು: ಎದುರಿನವರು ಹೇಳಿದ್ದನ್ನು ಬಿಡು, ಹೇಳದೆ ಬಿಟ್ಟದ್ದನ್ನು ಹುಡುಕು. ಮನೆಯಲ್ಲಿ ದೃಷ್ಟಿ ತೆಗೆದರೆ, ದಾರ ಕಟ್ಟಿದರೆ, ಯಾವ ವಾರ ಯಾವ ದಿಕ್ಕಿಗೆ ಹೋಗಬಾರದು ಅಂದರೆ, ನಾನು ಪುರಾವೆ ಕೇಳುತ್ತಿದ್ದೆ. ಅವ್ವ 'ನೀರು ಕುಡಿ, ಗಂಟ್ಲಾ ಆರಿರಬೇಕು' ಅಂತ ಚೊಂಬು ಕೊಡುತ್ತಿದ್ದಳು.

ಹಾಸ್ಟೆಲಿನಲ್ಲಿ ಮೊದಲ ಸಲ ಜ್ವರ ಬಂದದ್ದು ಇಳಕಲ್ಲಿನಲ್ಲಿ ಅಂತರ ಕಾಲೇಜು ಸ್ಪರ್ಧೆ ಇನ್ನೂ ಹತ್ತು ದಿನ ಇದ್ದಾಗ. ಹತ್ತಿರದ ದವಾಖಾನೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಟೈಫಾಯ್ಡ್ ಇದ್ದಂಗೈತಿ ಅಂದು ಹತ್ತು ಗುಳಿಗೆ ಬರೆದರು. ದಿನಕ್ಕೊಂದು. ನಾಲ್ಕನೇ ದಿನ ಜ್ವರ ಹೋಯಿತು. ಗುಳಿಗೆ ನುಂಗಿದರೆ ಬಾಯಿ ಕಹಿ, ಹೊಟ್ಟೆ ತೊಳಸು, ನಿಂತು ಎರಡು ನಿಮಿಷ ಮಾತಾಡಲಾಗದು. ಐದನೆಯದನ್ನು ನುಂಗಿ ಉಳಿದದ್ದನ್ನು ಡಬ್ಬಿಯಲ್ಲಿಟ್ಟೆ. ನನ್ನ ರೂಮಿನ ರೇಣುಕಾ ಕೇಳಿದಳು.

'ಏ ಶಿಲ್ಪಾ, ಎಲ್ಲಾ ಮುಗಿಸಬೇಕಂತ ಹೇಳಿದ್ರಲ್ಲ ಡಾಕ್ಟರು?'

'ಜ್ವರ ಐತೇನು?'

'ಇಲ್ಲ.'

'ಮತ್ತ ಗುಳಿಗಿ ಯಾರಿಗೆ? ಇಲ್ಲದ ಜ್ವರಕ್ಕ?'

ಅವಳು ಸುಮ್ಮನಾದಳು. ನನ್ನ ಮುಂದೆ ಜನ ಸುಮ್ಮನಾಗುವುದನ್ನು ನಾನು ಆಗ ಒಪ್ಪಿಗೆ ಅಂತಲೇ ತಿಳಿಯುತ್ತಿದ್ದೆ. ಮನೆಗೆ ಈ ಸುದ್ದಿ ಹೇಳಲಿಲ್ಲ. ಹೇಳಿದ್ದರೆ ಅವ್ವ ಮರುದಿನದ ಮೊದಲ ಬಸ್ಸಿಗೆ ಬರುತ್ತಿದ್ದಳು, ಇಳಕಲ್ಲಿಗೆ ಬಿಡುತ್ತಿರಲಿಲ್ಲ. ಇಳಕಲ್ಲಿಗೆ ಹೋದೆ, ಮಾತಾಡಿದೆ, ಪಾರಿತೋಷಕ ತಂದೆ. ಒಂದು ವಾರ ಬಿಟ್ಟು ರಜೆಗೆ ಹುನಗುಂದಕ್ಕೆ ಬಂದೆ.

ಊರಿಗೆ ಬಂದ ಮೇಲೆ ಜ್ವರ ಎರಡನೇ ಸಲ ಬಂತು, ಈ ಸಲ ಬಿಡಾರ ಹೂಡಲಿಕ್ಕೇ ಬಂತು. ದಿನಾ ಸಂಜೆ ಹಿಂದಿನ ದಿನಕ್ಕಿಂತ ಒಂದು ಕೈ ಮೇಲೆ. ತಲೆ ಅಂದರೆ ಯಾರೋ ಒಳಗೆ ಕೂತು ಕಲ್ಲು ಕಡೆಯುತ್ತಿದ್ದಾರೆ ಅನ್ನುವ ಹಾಗೆ. ಅವ್ವ ಒದ್ದೆ ಬಟ್ಟೆ ಹಾಕಿದಳು, ತೆಗೆದಳು, ಹಿಂಡಿದಳು, ಹಾಕಿದಳು. ಊರಿನ ಡಾಕ್ಟರು ಮೂರು ದಿನ ನೋಡಿ, ತಡ ಮಾಡಬ್ಯಾಡ್ರಿ, ಬಾಗಲಕೋಟಿಗೆ ಒಯ್ಯಿರಿ ಅಂದರು.

ಬಾಗಲಕೋಟೆಯ ದವಾಖಾನೆಯ ಆ ಕಾಯುವ ಜಾಗ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸಾಲು ಕುರ್ಚಿಗಳೆಲ್ಲ ಒಂದೇ ಕಬ್ಬಿಣದ ಪಟ್ಟಿಗೆ ಜೋಡಿಸಿದವು. ತುದಿಯವನು ಕೆಮ್ಮಿದರೆ ಐದೂ ಜನ ಅಲುಗುತ್ತಿದ್ದೆವು. ಗೋಡೆಯ ಟಿ.ವಿ.ಯಲ್ಲಿ ದನಿಯಿಲ್ಲದ ಸುದ್ದಿ. ಒಬ್ಬ ಅಜ್ಜ ತನ್ನ ಎಕ್ಸ್‌ರೇ ಹಾಳೆಯನ್ನು ಲಗ್ನಪತ್ರದ ಹಾಗೆ ಎಲ್ಲರಿಗೂ ತೋರಿಸುತ್ತಿದ್ದ. ನಾನು ಅವ್ವನ ಹೆಗಲಿಗೆ ಒರಗಿದ್ದೆ. ನರ್ಸಮ್ಮ ಕಾಗದ ಹಿಡಿದು ಬಂದು ಕೇಳಿದಳು.

'ಇದಕ್ಕಿಂತ ಮೊದಲ ಜ್ವರ ಬಂದಿತ್ತೇನ್ರಿ? ಇತ್ತೀಚಿಗೆ ಏನರ ಗುಳಿಗಿ ತಗೊಂಡಿದ್ರೇನು?'

ಅವ್ವನ ಕೈ ನನ್ನ ಕುತ್ತಿಗೆಯ ಹಿಂದೆ ಇತ್ತು. 'ಇಲ್ರಿ' ಅಂದೆ.

ಒಂದೇ ಮಾತು. ಅದನ್ನು ಆಡಿದ್ದು ಡಾಕ್ಟರಿಗೆ ಮೋಸ ಮಾಡಲಿಕ್ಕಲ್ಲ. ಅವ್ವ ಪಕ್ಕದಲ್ಲಿದ್ದಳು, ಅಷ್ಟೇ.

ರಕ್ತದ ವರದಿ ಬರಲು ಮೂರು ದಿನ ಹಿಡಿಯಿತು. ಟೈಫಾಯ್ಡೇ. ಹೆಸರು ಸಿಕ್ಕಿದ್ದಕ್ಕೆ ನನಗೆ ಸಮಾಧಾನವಾಯಿತು, ಅಪ್ಪ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ಅವ್ವ ಮಾತ್ರ ಹಾಸಿಗೆಯ ಅಂಚಿಗೆ ಕೂತು, ಬಾಚಣಿಕೆಗೆ ಬಂದ ನನ್ನ ಕೂದಲನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು: 'ಹೆದರಬ್ಯಾಡ. ನನಗೂ ಬಂದಿತ್ತಿದು. ಹನ್ನೆರಡು ವರ್ಷದಾಕಿ ಇದ್ನಿ. ಕೂದ್ಲಾ ಎಲ್ಲಾ ಉದುರಿ, ನಮ್ಮ ಅಣ್ಣ ಗುಂಡಾ ಗುಂಡಾ ಅಂತ ಕಾಡ್ತಿದ್ದ. ಮತ್ತ ಬಂದ್ವಲ್ಲ, ನೋಡ, ಎಷ್ಟುದ್ದ ಅದಾವ.' ತನ್ನ ಜಡೆಯನ್ನು ನನ್ನ ಕೈಗೆ ಕೊಟ್ಟಳು. ಈ ಮಾತನ್ನು ಅವಳು ಮೊದಲೆಂದೂ ಹೇಳಿರಲಿಲ್ಲ. ನನ್ನ ಹೆದರಿಕೆ ಕಡಿಮೆ ಮಾಡಲಿಕ್ಕೆ ತೆಗೆದು ಕೊಟ್ಟ ಮಾತು ಅದು.

ನವನಗರದಲ್ಲಿ ನಮ್ಮ ಕಾಕಾನ ಮನೆಯಿದೆ. ಅವ್ವ ಬೆಳಿಗ್ಗೆ ಅಲ್ಲಿಗೆ ಹೋಗಿ, ಮೆತ್ತಗೆ ಅನ್ನ ಬೇಯಿಸಿ, ಹೆಸರುಬೇಳೆಯ ಕಟ್ಟು ಮಾಡಿ, ಡಬ್ಬಿಯಲ್ಲಿ ತರುತ್ತಿದ್ದಳು. ನನ್ನ ಬಲಗೈಗೆ ಸೂಜಿ. ಹಾಗಾಗಿ ಅವಳೇ ಕಲಸಿ ಉಣಿಸುತ್ತಿದ್ದಳು. ಆ ದಿನಗಳಲ್ಲಿ ನನಗೆ ಬಾಯಿಗೆ ಹತ್ತುತ್ತಿದ್ದದ್ದು ಅದೊಂದೇ. ಪಕ್ಕದ ಹಾಸಿಗೆಯಲ್ಲಿ ಹೊಟ್ಟೆ ಆಪರೇಶನ್ ಆದ ಒಬ್ಬ ಹೆಣ್ಣುಮಗಳಿದ್ದಳು. ಅವಳ ತಾಯಿ ಕಮತಗಿಯ ಖೈರುನ್ನಿಸಾ ಖಾಲಾ. ಒಂದು ನಿಮಿಷ ಸುಮ್ಮನಿರುವವರಲ್ಲ. ಅವ್ವ ಉಣಿಸುವುದನ್ನು ನೋಡಿ ಅನ್ನುತ್ತಿದ್ದರು: 'ಎಂಟು ತಿಂಗಳ ಕೂಸು ನೋಡ್ರಿ. ಎಂ.ಎ. ಮಾಡಾಕತ್ತೈತಿ.'

ಐದನೇ ದಿನ ಜ್ವರ ಇಳಿಯಿತು. ಜ್ವರ ಇಳಿದ ಮೊದಲ ದಿನದ ಸುಖ ಅನುಭವಿಸಿದವರಿಗೇ ಗೊತ್ತು. ತಲೆಯೊಳಗೆ ಯಾರೋ ಕಿಟಕಿ ತೆರೆದ ಹಾಗೆ. ಆ ಬೆಳಿಗ್ಗೆ ಡಾಕ್ಟರ್ ಮೇಡಂ ಬಂದಾಗ ನಾನು ಕೇಳಿದ್ದಕ್ಕೆ, ಈ ರೋಗ ಕೈಯಿಂದ ಊಟಕ್ಕೆ, ಊಟದಿಂದ ಬಾಯಿಗೆ ಹೋಗುವುದು, ಕೆಲವರ ಹೊಟ್ಟೆಯಲ್ಲಿ ಜ್ವರವಿಲ್ಲದೆಯೇ ವರ್ಷಗಟ್ಟಲೆ ಇರಬಹುದು ಅಂತ ಹೇಳಿ ಹೋಗಿದ್ದರು. ಮಧ್ಯಾಹ್ನ ಕಾಕಾ, ಕಾಕಿ ಬಂದರು. ಕಾಕಿ ಬಂದವಳೇ ನನ್ನ ಹಣೆಗೆ ವಿಭೂತಿ ಹಚ್ಚಿದಳು.

'ಇದರಿಂದ ಆರಾಮ ಆಕ್ಕೈತಿ ಅನ್ನಾಕ ಪುರಾವೆ ಏನೈತಿ ಕಾಕಿ?'

'ನಿನ್ನಿ ನೀ ಮಲಗಿದ್ದಾಗೂ ಹಚ್ಚಿ ಹೋಗಿದ್ನಿ. ಇವತ್ತು ಎದ್ದು ಕೂತು ನನಗ ಪುರಾವೆ ಕೇಳಾಕತ್ತಿ. ಇನ್ನೇನ್ ಬೇಕವ್ವಾ?'

ಎಲ್ಲರೂ ನಕ್ಕೆವು. ಕಾಕಾ ಎಳನೀರು ಕೆಳಗಿಟ್ಟು, 'ಅಲ್ಲವಾ, ಈ ಹಾಳು ಜ್ವರ ಬಂತರ ಎಲ್ಲಿಂದ? ನೀ ಬುದ್ಧಿವಂತಿ, ನೀನ ಹೇಳ. ಸ್ಪರ್ಧಾದಾಗ ಹೇಳಿದಂಗ ಹೇಳ' ಅಂದ.

ನನಗೆ ಅಷ್ಟು ಸಾಕಾಗಿತ್ತು. ಒಂದು ವಾರದಿಂದ ಒಬ್ಬರ ಜೊತೆಯೂ ಸರಿಯಾಗಿ ವಾದ ಮಾಡಿರಲಿಲ್ಲ.

'ಕೇಳ್ರಿ ಕಾಕಾ. ಹಾಸ್ಟೆಲಿನ್ಯಾಗ ಅರವತ್ತು ಮಂದಿ ಒಂದ ಪಾತ್ರಿದು ಉಣ್ತೇವಿ. ಮತ್ತ ಯಾರಿಗೂ ಬಂದಿಲ್ಲ. ಅಂದ್ರ ಹಾಸ್ಟೆಲ್ ಅಲ್ಲ. ನೀರು? ಮನ್ಯಾಗ ಕಾಸಿ ಆರಿಸಿದ ನೀರು, ಅಪ್ಪನೂ ಅದನ್ನ ಕುಡಿತಾನ, ಅವಗ ಏನೂ ಆಗಿಲ್ಲ. ಅಂದ್ರ ನೀರಲ್ಲ. ಹೊರಗಿಂದು? ರಜಾಕ್ಕ ಬಂದ ಮ್ಯಾಲೆ ನಾ ಹೊರಗಿಂದು ಮುಟ್ಟೇ ಇಲ್ಲ. ಎಲ್ಲಾ ತಗದ ಮ್ಯಾಲೆ ಉಳಿದದ್ದು ಒಂದ. ಅಡಗಿ ಮಾಡಿದ ಕೈ. ಆ ಕೈಗೆ ಹಿಂದೊಮ್ಮೆ ಈ ಬ್ಯಾನಿ ಬಂದಿತ್ತು, ಹನ್ನೆರಡನೇ ವಯಸ್ಸಿನ್ಯಾಗ. ಇದು ನಾ ಹೇಳಿದ್ದಲ್ಲ, ಆಕಿನ ಹೇಳ್ಯಾಳ.'

ಹೇಳುವಾಗ ನನ್ನ ಬೆರಳುಗಳು ಒಂದೊಂದೇ ಮಡಚಿಕೊಳ್ಳುತ್ತಿದ್ದವು. ದನಿ ಕೂಡ ವೇದಿಕೆಯ ಮೇಲಿನದೇ. ನನ್ನ ಡಬ್ಬಿಯಲ್ಲಿ ಉಳಿದ ಐದು ಗುಳಿಗೆ ನೆನಪಿಗೆ ಬರಲಿಲ್ಲ ಅಂತ ನಾನು ಹೇಳುವುದಿಲ್ಲ. ಬಂತು. ಬಂದದ್ದಕ್ಕೇ ದನಿ ಇನ್ನೊಂದಿಷ್ಟು ಏರಿತು.

ಕಾಕಿ, 'ಸಾಕ್ ಬಿಡವ್ವಾ' ಅಂತ ಬಾಗಿಲ ಕಡೆ ನೋಡಿದಳು. ಅವ್ವ ಅಲ್ಲಿ ನಿಂತಿದ್ದಳು, ಡಬ್ಬಿ ತೊಳೆದುಕೊಂಡು ಬಂದು. ಎಲ್ಲಾ ಕೇಳಿಸಿಕೊಂಡಿದ್ದಳು.

'ಹೌದೇನು?' ಅಂದಳು.

ಸಿಟ್ಟಿಲ್ಲ, ಅಳುವಿಲ್ಲ. ಬಸ್ಸು ಎಷ್ಟಕ್ಕೆ ಅಂತ ಕೇಳಿದ ಹಾಗೆ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಕೈ ನೋಡಿಕೊಂಡು, ಮತ್ತೆ ತೊಳೆಯಲು ಹೋದಳು.

ಅವರೆಲ್ಲ ಹೋದ ಮೇಲೆ ಖಾಲಾ ನನ್ನ ಕಡೆ ತಿರುಗಿದರು. 'ಗೆದ್ದಿ ಬಿಡು ಬೇಟಿ. ಎದುರಿಗೆ ಯಾರೂ ನಿಂತಿರಲಿಲ್ಲ, ಅದಕ್ಕ ಗೆದ್ದಿ.'

ಮರುದಿನದಿಂದ ಅವ್ವ ಅಡುಗೆ ಬಿಟ್ಟಳು. ಕಾಕಿ ಮಾಡಿದ ಅನ್ನ ಬಂತು, ಕಾಕಿಯೇ ತಂದಳು. ಬೆಳಿಗ್ಗೆ ಡಾಕ್ಟರ್ ಮೇಡಂ ಬಂದಾಗ ಅವ್ವ ಎದ್ದು ನಿಂತು, ಸೆರಗು ಹೊದ್ದು ಹೇಳಿದಳು: 'ಮೇಡಂ, ನಂದೂ ತಪಾಸಣಿ ಮಾಡ್ರಿ. ನಾ ಸಾಲಿ ಹುಡುಗರಿಗೆ ಅಡಗಿ ಮಾಡಾಕಿ.'

ಮೇಡಂ ನನ್ನನ್ನೊಮ್ಮೆ ನೋಡಿದರು, ಅವ್ವನನ್ನೊಮ್ಮೆ ನೋಡಿದರು. 'ಒಳ್ಳೇದ್ರಿ. ನೀವು ಕೇಳದಿದ್ರ ನಾನ ಹೇಳಬೇಕಂತಿದ್ದೆ. ಮಂದಿಗೆ ಅಡಗಿ ಮಾಡೋರು ಮನ್ಯಾಗಿದ್ರ ನೋಡಬೇಕು. ಮಲದ ಸ್ಯಾಂಪಲ್ ಮೂರು ಸಲ ಕೊಡಬೇಕಾಕ್ಕೈತಿ, ಬ್ಯಾರೆ ಬ್ಯಾರೆ ದಿನ. ಅಲ್ಲೀತನಕ ಅಡಗಿ ಬ್ಯಾಡ.'

ಅವ್ವ ವರಾಂಡಕ್ಕೆ ಹೋಗಿ ಹೆಡ್ ಮಾಸ್ತರಿಗೆ ಫೋನ್ ಮಾಡಿದಳು. ತೆರೆದ ಬಾಗಿಲಿನಿಂದ ನನಗೆಲ್ಲ ಕೇಳಿಸಿತು. 'ಸರ್, ನಾ ಬರಂಗಿಲ್ರಿ... ಮಗಳು ಆರಾಮದಾಳ್ರಿ. ನನ್ನ ಕೈಯಾಗ ಏನೋ ಇರಬಹುದಂತ... ಅಲ್ರಿ, ಇನ್ನ ಗೊತ್ತಿಲ್ರಿ... ಸರ್, ಒಂದು ಕೇಳ್ತೇನ್ರಿ. ನಮ್ಮ ಹುಡುಗರಿಗೆ ಯಾರಿಗರ ಜ್ವರ ಬಂದಾವೇನ್ರಿ ಈ ತಿಂಗಳು?' ಆಮೇಲೆ ಭಾಳ ಹೊತ್ತು ಆ ಕಡೆಯ ಮಾತು ಕೇಳಿದಳು. ಮಾತು ಮುಗಿದ ಮೇಲೆ ಫೋನನ್ನು ಸೆರಗಿನಿಂದ ಒರೆಸಿದಳು.

ಅವತ್ತಿನಿಂದ ಅವಳು ನನ್ನ ಹಾಸಿಗೆಯ ಕಾಲ ಬುಡಕ್ಕೆ ಕೂರತೊಡಗಿದಳು, ತಲೆದೆಸೆಗಲ್ಲ. ಕೈ ತೊಳೆದೂ ತೊಳೆದೂ ಬೆರಳಿನ ಸಂದು ಬಿಳಿಚಿದವು. ಒಂದು ಬಾಳೆಹಣ್ಣು ಸುಲಿದು ಕೊಟ್ಟದ್ದು ನೆನಪಿದೆ: ಸಿಪ್ಪೆಯ ತುದಿಯನ್ನಷ್ಟೇ ಎರಡು ಬೆರಳಲ್ಲಿ ಹಿಡಿದು, ಹಣ್ಣು ತನಗೆ ಎಲ್ಲಿಯೂ ತಾಗದ ಹಾಗೆ, ಬೇಲಿಯಾಚೆ ನಿಂತವರಿಗೆ ಕೊಡುವಂತೆ ನೀಡಿದಳು. ನಾನು ಎಡಗೈಯಲ್ಲಿ ತಗೊಂಡೆ. ನಮ್ಮಿಬ್ಬರ ಬೆರಳು ಮುಟ್ಟಲಿಲ್ಲ. ಜ್ವರ ನೂರಾ ನಾಲ್ಕಿದ್ದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

'ಅವ್ವಾ, ಹತ್ರ ಬಾ.'

'ಇರಲಿ ಬಿಡು. ಇಲ್ಲೇ ಗಾಳಿ ಐತಿ.'

ಅಲ್ಲಿ ಗಾಳಿ ಇರಲಿಲ್ಲ. ಫ್ಯಾನ್ ನನ್ನ ತಲೆಯ ಮೇಲಿತ್ತು.

ಹಣ್ಣು ಕೊಟ್ಟ ಆ ಮಧ್ಯಾಹ್ನವೇ ಹಾಸ್ಟೆಲಿನಿಂದ ರೇಣುಕಾ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ರಜೆಯಲ್ಲಿ ರೂಮಿಗೆ ಸುಣ್ಣ ಹೊಡೆಯುತ್ತಾರಂತೆ, ಅವಳು ನಮ್ಮಿಬ್ಬರ ಸಾಮಾನು ಕಟ್ಟಲು ಬಂದಿದ್ದಳು. ಫೋಟೊದಲ್ಲಿ ಅವಳ ಅಂಗೈ, ಅಂಗೈ ಮೇಲೆ ಬೆಳ್ಳಿ ಬಣ್ಣದ ಗುಳಿಗೆಯ ಪಟ್ಟಿ. ಐದು ಗುಂಡಿ ಒಡೆದಿವೆ, ಐದು ತುಂಬಿವೆ. ಕೆಳಗೆ ಬರೆದಿದ್ದಳು: 'ಇವು ಒಗಿಲೋ, ಇಡ್ಲೋ?'

ಆ ಫೋಟೊ ನೋಡುತ್ತಾ ಎಷ್ಟು ಹೊತ್ತು ಮಲಗಿದ್ದೆನೋ. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. 'ಒಗಿ' ಅಂತ ಎರಡಕ್ಷರ ಬರೆದರೆ ಮುಗಿಯುತ್ತಿತ್ತು. ಅವ್ವನ ವರದಿ ಸರಿಯಾಗಿಯೇ ಬರಬಹುದು, ಅವಳು ಅಡುಗೆಗೆ ಮರಳಬಹುದು, ಎಲ್ಲಾ ತನ್ನಷ್ಟಕ್ಕೆ ಮರೆತುಹೋಗಬಹುದು. ಆದರೆ ವರದಿ ಬರುವತನಕ ಕಾಲ ಬುಡಕ್ಕೆ ಕೂತವಳು? ಹೆಡ್ ಮಾಸ್ತರಿಗೆ ಕೇಳಿದ ಆ ಪ್ರಶ್ನೆ? ಈ ತಿಂಗಳು ಶಾಲೆಯಲ್ಲಿ ಒಂದು ಕೂಸು ಸೀನಿದರೂ ಅದು ತನ್ನ ಕೈಯಿಂದಲೇ ಅಂತ ಅವಳು ಲೆಕ್ಕ ಹಾಕುತ್ತಾಳೆ. ಆ ಲೆಕ್ಕ ಅವಳಿಗೆ ಕಲಿಸಿಕೊಟ್ಟವಳು ನಾನು. ಅದರಲ್ಲಿ ನಾನು ಬಿಟ್ಟ ಸಾಲು ಯಾವುದು ಅಂತ ನನಗೊಬ್ಬಳಿಗೇ ಗೊತ್ತು.

ಮರುದಿನ ಡಾಕ್ಟರ್ ಮೇಡಂ ಬಂದಾಗ, 'ಮೇಡಂ, ನಾ ಒಂದು ಸುಳ್ಳು ಹೇಳೇನ್ರಿ' ಅಂದೆ. ಜಾಣತನದ ಮಾತು ಜೋಡಿಸಿಟ್ಟುಕೊಂಡಿದ್ದೆ, ಒಂದೂ ಬರಲಿಲ್ಲ. ಫೋನ್ ತೆಗೆದು ಫೋಟೊ ತೋರಿಸಿದೆ. 'ಇದು ನಂದ್ರಿ. ರಜಾಕ್ಕಿಂತ ಮೊದಲ ಹಾಸ್ಟೆಲಿನ್ಯಾಗ ಜ್ವರ ಬಂದಿತ್ತು. ಟೈಫಾಯ್ಡ್ ಅಂತ ಹೇಳಿದ್ರು. ಹತ್ತು ಕೊಟ್ಟಿದ್ರು, ಐದು ನುಂಗಿ ಬಿಟ್ನಿ.'

ಮೇಡಂ ಫೋಟೊವನ್ನು ದೊಡ್ಡದು ಮಾಡಿ ಗುಳಿಗೆಯ ಹೆಸರು ಓದಿದರು. ಫೋನನ್ನು ನನ್ನ ಕೈಗಿಟ್ಟರು. 'ಬಂದ ದಿನಾನ ಕೇಳಿದ್ವಲ್ಲವಾ. ನಾವು ಸುಮ್ಮನ ಕೇಳ್ತೇವೇನು? ಇದು ಗೊತ್ತಿದ್ರ ನನ್ನ ವಿಚಾರ ಬ್ಯಾರೆ ಇರ್ತಿತ್ತು.' ಫೈಲಿನಲ್ಲಿ ಏನೋ ಬರೆದರು. ಇಂಜೆಕ್ಷನ್ ಇನ್ನಷ್ಟು ದಿನ ಹೆಚ್ಚಿಸಿದರು.

'ಅಂದ್ರ ಇದು ಆ ಜ್ವರನ ಹೊಳ್ಳಿ ಬಂದದ್ದೇನ್ರಿ? ಅವ್ವನ ಕೈಯಿಂದಲ್ಲ, ಹೌದಲ್ರೀ?'

'ಹೊಳ್ಳಿ ಬಂದದ್ದ ಅನಸ್ತೈತಿ. ಮೊದಲನೇದು ಎಲ್ಲಿಂದ ಬಂತು ಅಂತ ನಾನೂ ಹೇಳಂಗಿಲ್ಲ, ನೀನೂ ಹೇಳಂಗಿಲ್ಲ. ಗೊತ್ತಿಲ್ಲ ಅನ್ನೋದೂ ಒಂದು ಉತ್ತರನ. ಅವ್ವಾರ ತಪಾಸಣಿ ಮಾತ್ರ ಬಿಡಂಗಿಲ್ಲ, ಅದು ಹುಡುಗರ ಸಲುವಾಗಿ.'

ಅವರು ಹೋದರು. ನಾನು ಅವ್ವನ ಮುಖ ನೋಡಲಿಲ್ಲ. ಅವಳಿಗೆ ಹಗುರಾಗಿರಬಹುದು, ಕೈ ಮೇಲಿನ ಭಾರ ಇಳಿದಿರಬಹುದು ಅಂದುಕೊಂಡಿದ್ದೆ. ಕಾಲ ಬುಡದಿಂದ ದನಿ ಬಂತು.

'ನಿನಗ ಜ್ವರ ಬಂದಿತ್ತೇನು?'

'ಹೂಂ.'

'ಹಾಸ್ಟೆಲಿನ್ಯಾಗ?'

'ಹೂಂ.'

'ಹಣಿ ಮ್ಯಾಲೆ ಬಟ್ಟಿ ಯಾರು ಹಾಕಿದ್ರು?'

ಯಾರೂ ಹಾಕಿರಲಿಲ್ಲ. ಅವಳು ಎದ್ದು ಬಂದಳು, ತಲೆದೆಸೆಗೆ. ಕೈ ಎತ್ತಿದಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆದರೆ ಒಳ್ಳೆಯದು ಅಂತಲೂ ಅಂದುಕೊಂಡೆ. ಕೈ ಅರ್ಧಕ್ಕೆ ನಿಂತಿತು. ಆ ಕೈಯನ್ನೊಮ್ಮೆ ನೋಡಿಕೊಂಡು ಸೆರಗಿನೊಳಗೆ ಎಳೆದುಕೊಂಡಳು. ನಾನು ಬೇರೆ ಸಾವಿರ ಸಲ ಸೋತಿರಬಹುದು, ಅವತ್ತಿನ ಹಾಗೆ ಸೋತಿಲ್ಲ.

'ಹೊಡದರ ಹೊಡಿರೆವ್ವಾ' ಅಂದರು ಖಾಲಾ ಆ ಕಡೆಯಿಂದ, ಮೂಗು ಒರೆಸಿಕೊಳ್ಳುತ್ತಾ. 'ನಿಮಗ ಆಗದಿದ್ರ ನಾ ಬರ್ತೇನಿ, ನನ್ನ ಕೈ ಖಾಲಿ ಐತಿ.'

ಅವ್ವ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ನಾನು ಕಾಕಾನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದೆ. 'ಕಾಕಾ, ಅವತ್ತು ನಾ ಹೇಳಿದ್ದೆಲ್ಲಾ ಸುಳ್ಳು. ತಪ್ಪು ನಂದು. ಕಾಕಿಗೂ ಹೇಳ್ರಿ.'

'ಅಷ್ಟು ಚಂದ ಹೇಳಿದ್ದಿಯಲ್ಲವಾ?'

'ಅದಕ್ಕ ಸುಳ್ಳ್ರಿ.'

ಮತ್ತೆ ಒಂದು ವಾರಕ್ಕೆ ದವಾಖಾನೆಯಿಂದ ಬಿಟ್ಟರು. ಅವ್ವ ಒಂದನೇ, ಎರಡನೇ ಸಲದ್ದನ್ನು ಅಲ್ಲಿನ ಕೊನೆಯ ದಿನಗಳಲ್ಲಿ ಕೊಟ್ಟಿದ್ದಳು, ಮೂರನೆಯದನ್ನು ಹೊರಡುವ ದಿನ ಕೊಟ್ಟಳು. ವರದಿ ಅಪ್ಪನ ಮೊಬೈಲಿಗೆ ಬರುತ್ತದೆ ಅಂದರು.

ಹುನಗುಂದಕ್ಕೆ ಬಂದ ಮೇಲೆ ನಮ್ಮ ಮನೆಯಲ್ಲಿ ಅಪ್ಪನ ಅಡುಗೆ ಶುರುವಾಯಿತು. ಅವ್ವ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅಲ್ಲೇ ಕೂತು, ಕೈಗಳನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡು ಹೇಳಿಕೊಡುತ್ತಿದ್ದಳು.

'ಎರಡು ಮುಟಿಗಿ ಅಕ್ಕಿ ಹಾಕ್ರಿ.'

'ನಿನ್ನ ಮುಟಿಗಿನೋ, ನನ್ನ ಮುಟಿಗಿನೋ?'

'ನಿಮ್ಮದಾ ಹಾಕ್ರಿ, ನನ್ನದೆಲ್ಲಿಂದ ತರ್ತೀರಿ?'

ಅನ್ನ ಉಕ್ಕಿದಾಗ ಅಪ್ಪ, 'ಏ ಹಿಂದ ಸರೀರಿ, ಹಿಂದ ಸರೀರಿ' ಅಂತ ಬಸ್ಸಿನಲ್ಲಿ ಕೂಗುವ ಹಾಗೆ ಕೂಗುತ್ತಿದ್ದ. ಒಮ್ಮೆ ತಳ ಹಿಡಿಯುತ್ತಿತ್ತು, ಒಮ್ಮೆ ಗಂಜಿಯಾಗುತ್ತಿತ್ತು. ನಾನು ಎರಡು ತುತ್ತು ಉಂಡು ಮಲಗುತ್ತಿದ್ದೆ. ಬೇನೆ ಬಿಟ್ಟ ಮೇಲಿನ ನಿಶ್ಶಕ್ತಿಯ ಬಗ್ಗೆ ಯಾರೂ ಮೊದಲು ಹೇಳಿರಲಿಲ್ಲ. ಬಚ್ಚಲಿಗೆ ಹೋಗಿ ಬಂದರೆ ಗುಡ್ಡ ಹತ್ತಿ ಇಳಿದಷ್ಟು ಸುಸ್ತು. ಒಂದು ಪುಟ ಓದಿದರೆ ಕಣ್ಣೀರು. ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಇದನ್ನು ಅನುಭವಿಸುತ್ತಿರುವವರಿಗೆ ಹೇಳುತ್ತೇನೆ, ನಿಮಗೇನೂ ಹೊಸದಾಗಿ ಕೆಟ್ಟಿಲ್ಲ. ಬೇನೆ ಹೊಟ್ಟೆಯಿಂದ ಹೋದರೂ ಮೈಗೆ ಅದು ಹೋಯಿತು ಅಂತ ನಂಬಿಕೆ ಬರಲು ದಿನ ಹಿಡಿಯುತ್ತದೆ.

ಮೊದಲ ವರದಿ ಬಂತು: ಏನೂ ಇಲ್ಲ. ಎರಡನೆಯದೂ ಹಾಗೆಯೇ. ನಾನು ಮಂಚದಿಂದಲೇ ಕೂಗಿದೆ.

'ಅವ್ವಾ, ಮೂರರಾಗ ಎರಡು ಬಂದ್ವು. ಬಹುಮತ ನಿಂದು. ಇನ್ನ ಒಳಗ ಹೋಗು.'

'ಇದೇನು ನಿನ್ನ ಸ್ಪರ್ಧಾ ಅಂತ ತಿಳದಿಯೇನು?' ಹೊಸ್ತಿಲಿನಿಂದ ಉತ್ತರ ಬಂತು. 'ಮೇಡಂ ಮೂರು ಅಂದಾರ. ಮೂರಂದ್ರ ಮೂರು. ಹತ್ತು ಅಂದಾಗ ಐದಕ್ಕ ಬಿಡಾಕ ನಾ ಎಂ.ಎ. ಕಲಿತಿಲ್ಲ.'

ಅಪ್ಪ ಸೌಟು ಹಿಡಿದುಕೊಂಡೇ ನಕ್ಕ. ನಾನೂ ನಕ್ಕೆ, ಚಾದರ ಮುಖದ ಮೇಲೆ ಎಳೆದುಕೊಂಡು. ನಮ್ಮ ಮನೆಯಲ್ಲಿ ಪುರಾವೆ ಕೇಳುವವಳು ನಾನೊಬ್ಬಳೇ ಅಂತ ಇಷ್ಟು ವರ್ಷ ತಿಳಿದಿದ್ದೆ. ಪುರಾವೆ ಪೂರ್ತಿ ಬರುವತನಕ, ತನಗೇ ನೋವಾದರೂ, ಕೈ ಕಟ್ಟಿ ಕಾಯುವವಳು ಯಾರು ಅಂತ ಈಗ ಕಂಡಿತು. ನಡುವೆ ಭಾನುವಾರ ಬಂದು ಮೂರನೆಯದು ಒಂದು ದಿನ ತಡವಾಯಿತು. ಆ ದಿನ ಅವ್ವ ಮನೆಯಲ್ಲಿದ್ದ ಜೋಳವನ್ನೆಲ್ಲ ಹಸನು ಮಾಡಿದಳು. ಹಸನು ಮಾಡಿದ್ದನ್ನೇ ಮತ್ತೆ ಹಸನು ಮಾಡಿದಳು.

ಸೋಮವಾರ ಹನ್ನೊಂದರ ಹೊತ್ತಿಗೆ ಅಪ್ಪ ಡ್ಯೂಟಿಯ ಮೇಲಿದ್ದಾಗ, ಬಾದಾಮಿ ನಿಲ್ದಾಣದಿಂದ ನನ್ನ ಫೋನಿಗೆ ಅದನ್ನು ಕಳಿಸಿದ. ನಾನು ಓದಿ ಹೇಳಿದೆ. ಅವ್ವ ಇನ್ನೊಮ್ಮೆ ಓದು ಅಂದಳು. ಇನ್ನೊಮ್ಮೆ ಓದಿದೆ. 'ನನ್ನ ಹೆಸರ ಐತೇನು ಮ್ಯಾಲೆ, ನೋಡು' ಅಂದಳು. ನೋಡಿ ಹೌದಂದೆ. ಆಮೇಲೆ ಹೆಡ್ ಮಾಸ್ತರಿಗೆ ಫೋನ್ ಹಚ್ಚಿಸಿಕೊಂಡು, 'ಸರ್, ನಾಳಿಗೆ ಬರ್ತೇನ್ರಿ. ಕಾಗದ ತೋರಸ್ತೇನಿ, ನೋಡಿನ ಒಳಗ ಬಿಡ್ರಿ' ಅಂದಳು. ಯಾವ ಹುಡುಗರಿಗೂ ಜ್ವರ ಬಂದಿಲ್ಲ, ಎಲ್ಲಾ ನಿಮ್ಮ ದಾರಿ ನೋಡಾಕತ್ತಾವ ಅಂತ ಆ ಕಡೆಯಿಂದ ಅವರು ಅಂದರು, ಅವ್ವ ಎರಡು ಸಲ 'ಹೌದೇನ್ರಿ, ಹೌದೇನ್ರಿ' ಅಂದು ಗೋಡೆಯ ಕಡೆ ತಿರುಗಿ ನಿಂತಳು.

ಅರ್ಧ ತಾಸಿನಲ್ಲಿ ಅಡುಗೆಮನೆಯಿಂದ ಜೀರಿಗೆ ಒಗ್ಗರಣೆಯ ವಾಸನೆ ಬಂತು. ಎಷ್ಟೋ ದಿನದ ಮೇಲೆ ನನಗೆ ಹಸಿವೆಯಾಯಿತು. ಎದ್ದು ಗೋಡೆ ಹಿಡಿದುಕೊಂಡು ಹೋದೆ. ಅವ್ವ ತಾಟಿಗೆ ಮೆತ್ತಗಿನ ಅನ್ನ, ಮೇಲೆ ಹೆಸರುಬೇಳೆ ಕಟ್ಟು ಹಾಕುತ್ತಿದ್ದಳು. ನಾನು ಬೋಗುಣಿಯ ಮುಚ್ಚಳಕ್ಕೆ ಕೈ ಹಾಕಿದೆ.

'ಏ! ಕೈ ತಗಿ' ಅಂತ ಗದರಿದಳು. 'ನನ್ನ ಕೈ ಪಾಸಾಗೇತಿ. ನಿಂದಿನ್ನ ಪರೀಕ್ಷಾನ ಆಗಿಲ್ಲ. ಮೇಡಂ ಏನ್ ಹೇಳ್ಯಾರ? ನಿಂದೂ ತಪಾಸಣಿ ಆಗೂತನಕ ಪಾತ್ರಿ ಮುಟ್ಟಂಗಿಲ್ಲ.'

ಅದು ಖರೆ. ಮನೆಗೆ ಬರೆದುಕೊಟ್ಟ ಗುಳಿಗೆ ಪೂರ್ತಿ ಮುಗಿಸಿ, ಕೆಲವು ದಿನ ಬಿಟ್ಟು, ನನ್ನದನ್ನೂ ನೋಡಬೇಕು ಅಂದಿದ್ದರು. ಈಗ ಈ ಮನೆಯಲ್ಲಿ ಅನುಮಾನದ ಕೈ ಅಂದರೆ ನನ್ನದೊಂದೇ.

'ಕೂಡು' ಅಂದಳು. ಕೂತೆ. ತಾಟನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಿಸಿ ಆರಿಸುತ್ತಾ, ಐದೂ ಬೆರಳು ಹಾಕಿ ಕಲಸತೊಡಗಿದಳು. ನನ್ನ ತಾಟಿನದನ್ನು ನನ್ನ ಕೈಯಿಂದಲೇ ನಾನು ಉಂಡರೆ ಜಗತ್ತಿನಲ್ಲಿ ಯಾರಿಗೂ ಏನೂ ಆಗುವುದಿಲ್ಲ ಅನ್ನುವ ಗಟ್ಟಿ ವಾದವೊಂದು ನನ್ನ ಹತ್ತಿರ ತಯಾರಿತ್ತು. ಅದಕ್ಕೆ ಎದುರುತ್ತರವೇ ಇರಲಿಲ್ಲ.

ಬಾಯಿ ತೆರೆದೆ. ಅವ್ವ ತುತ್ತು ಇಟ್ಟಳು.